ಗಾಡಿ ಎಲ್ಲಿ ಹಚ್ಚೂದು?

ಸೊಲ್ಲಾಪುರ: ಬುಧವಾರ ರಾತ್ರಿ ಇಂಡಿ, ಚಡಚಣ, ಆಳಂದ, ಅಫಜಲಪುರ ಕಡೆಯಿಂದ ಅಕ್ಕಲಕೋಟಕ್ಕೆ ಬರುವ ಕ್ರೂಸರ್, ತೂಫಾನ್, ಟ್ರಾವೆಲರ್‌ಗಳಲ್ಲಿ ಊರು ಕಂಡ ಕೂಡಲೇ ಏಳುವ ಮೊದಲ ಮಾತು ಸ್ವಾಮಿ ಸಮರ್ಥರ ಜಯಕಾರ. ಎರಡನೆಯದು, 'ಗಾಡಿ ಎಲ್ಲಿ ಹಚ್ಚೂದ್ರೀ?' ಎಂಬ ಚಾಲಕನ ಪ್ರಶ್ನೆ. ಒಳಗೆ ಹನ್ನೆರಡು ಮಂದಿ. ಮೇಲೆ ಕ್ಯಾರಿಯರ್ ಮೇಲೆ ಚಾದರಗಳ ಗಂಟು, ಕಡಕ್ ರೊಟ್ಟಿಯ ಬುತ್ತಿ, ಪಾತ್ರೆ, ಒಂದು ಒಲೆ. ಯಾರ ಬಳಿಯೂ ಉತ್ತರವಿಲ್ಲ. ಮುಂದಿನ ಅರ್ಧ ತಾಸು ಓಣಿ ಓಣಿ ತಿರುಗಿ, ಎದುರಿಗೆ ಬಂದ ಗಾಡಿಗೆ ದಾರಿ ಬಿಡಲಾಗದೆ ರಿವರ್ಸ್ ಹೊಡೆದು, ಕೊನೆಗೆ ಯಾರದೋ ಮನೆಯ ಮುಂದೆ ಹಚ್ಚಿ, ಆ ಮನೆಯವರ ಬೈಗುಳದಿಂದಲೇ ಯಾತ್ರೆ ಶುರುವಾಗುತ್ತದೆ.

ವಸ್ತಿ ಎಲ್ಲಿ ಎಂಬುದನ್ನು ಊರು ಬಿಡುವ ಮೊದಲೇ ಗೊತ್ತು ಮಾಡಿಕೊಳ್ಳುವ ರೂಢಿ ಗಡಿಭಾಗದ ಕುಟುಂಬಗಳಲ್ಲಿ ತಪ್ಪಿಹೋಗಿದೆ. ತಪ್ಪಿಹೋಗಿದೆ ಎಂದರೆ, ಮೊದಲು ಇತ್ತು.

2021ರಲ್ಲಿ ಮಹಾರಾಷ್ಟ್ರ ಸರಕಾರ ಕ್ಯಾರವಾನ್ ಪ್ರವಾಸೋದ್ಯಮ ಧೋರಣೆಯನ್ನು ತಂದಿತು. ಮಲಗಲು ಹಾಸಿಗೆ, ಅಡುಗೆಗೆ ಕಟ್ಟೆ, ಶೌಚಕ್ಕೆ ವ್ಯವಸ್ಥೆ ಇರುವ ವಾಹನ ಮತ್ತು ಅಂಥ ವಾಹನ ರಾತ್ರಿ ನಿಲ್ಲಲು ನೀರು, ವಿದ್ಯುತ್ತು ಇರುವ 'ಕ್ಯಾರವಾನ್ ಪಾರ್ಕ್', ಇದು ಅದರ ತಿರುಳು. ಸುದ್ದಿ ಓದಿದವರಿಗೆ ಇದೇನೋ ಅಮೆರಿಕದ ಹೊಸ ಶೋಕಿ ಎನ್ನಿಸಿರಬಹುದು. ಆದರೆ ತಟ್ಟಿಯ ಕಮಾನು ಕಟ್ಟಿದ ಸವಾರಿ ಬಂಡಿಯಲ್ಲಿ ಸೊನ್ನಲಿಗೆ ಸಿದ್ಧರಾಮನ ಜಾತ್ರೆಗೆ, ಪಂಢರಪುರಕ್ಕೆ, ತುಳಜಾಪುರಕ್ಕೆ ಹೋಗುತ್ತಿದ್ದ ಅಜ್ಜ-ಅಜ್ಜಿಯರು ಮಾಡಿದ್ದೂ ಇದನ್ನೇ. ಬಂಡಿಯಲ್ಲೇ ಬುತ್ತಿ, ಬಂಡಿಯ ಕೆಳಗೇ ನಿದ್ದೆ, ಮೂರು ಕಲ್ಲಿಟ್ಟರೆ ಅಡುಗೆ. ಒಂದೇ ಒಂದು ಫರಕು. ಅವರು ಎಲ್ಲಿ ಬೇಕಾದಲ್ಲಿ ಎತ್ತಿನ ಕೊಳ್ಳ ಹರಿಯುತ್ತಿರಲಿಲ್ಲ. ಎತ್ತಿಗೆ ನೀರು ಬೇಕು, ಮೇವು ಬೇಕು, ನೆರಳು ಬೇಕು, ಕಟ್ಟಲು ಗಟ್ಟಿ ನೆಲ ಬೇಕು. ಎತ್ತಿಗೆ ಒಗ್ಗುವ ಜಾಗ ಮನುಷ್ಯರಿಗೂ ಒಗ್ಗುತ್ತಿತ್ತು. ಡೀಸೆಲ್ ಗಾಡಿಗೆ ಬಾಯಾರಿಕೆ ಇಲ್ಲ, ಬಿಸಿಲಿನ ಹಂಗಿಲ್ಲ. ಹಾಗಾಗಿ ಗುಡಿಗೆ ಎಷ್ಟು ಹತ್ತಿರ ಎಂಬುದೊಂದೇ ಲೆಕ್ಕ ಉಳಿಯಿತು.

ಈ ಲೆಕ್ಕವೇ ತಪ್ಪು. ಅಕ್ಕಲಕೋಟ ಹಳೆಯ ಸಂಸ್ಥಾನದ ಊರು. ಸ್ವಾಮಿ ಸಮರ್ಥರು ಸುಮಾರು 22 ವರ್ಷ ಇದ್ದು 1878ರಲ್ಲಿ ಸಮಾಧಿಯಾದ ಊರು. ವಟವೃಕ್ಷ ಮಂದಿರದ ಸುತ್ತಲಿನ ದಾರಿಗಳು ಕುದುರೆ, ಬಂಡಿಗಳ ಕಾಲದವು. ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದೂರದ ಈ ಊರಿಗೆ ಈಗ ಚತುಷ್ಪಥ ರಸ್ತೆಯಾಗಿದೆ. ಗಾಡಿ ಬೇಗ ಬಂದು ಮುಟ್ಟುತ್ತದೆ, ಆದರೆ ಬಂದು ಮುಟ್ಟುವ ಓಣಿ ಅಗಲವಾಗಿಲ್ಲ. ಗುರುವಾರ, ಹುಣ್ಣಿಮೆ, ಅದರಲ್ಲೂ ಗುರುಪೂರ್ಣಿಮೆ, ದತ್ತ ಜಯಂತಿ, ಚೈತ್ರದ ಪ್ರಕಟ ದಿನ, ಪುಣ್ಯತಿಥಿಗಳಂದು ಗುಡಿಯ ಹತ್ತಿರ ಜಾಗ ಹುಡುಕುವುದೆಂದರೆ ಜಾತ್ರೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಸಿಕ್ಕರೂ ಕಷ್ಟ. ಬೆಳಿಗ್ಗೆ ಹೊರಡುವ ಹೊತ್ತಿಗೆ ಹಿಂದೆ ನಾಲ್ಕು ಗಾಡಿ, ಮುಂದೆ ಆರು ಗಾಡಿ ನಿಂತಿರುತ್ತವೆ. ನಡುರಾತ್ರಿ ಅಜ್ಜಿಗೆ ಎದೆ ನೋವು ಬಂದರೆ ಆಸ್ಪತ್ರೆಗೆ ಹೋಗಲು ತನ್ನದೇ ಗಾಡಿ ಹೊರಡದು.

ಊರ ಹೊರಗೆ, ಬಂದ ರಸ್ತೆಯ ಮಗ್ಗುಲಲ್ಲೇ ಇರುವ ವಾಹನತಳದಲ್ಲಿ ಹಚ್ಚಿ, ನಡೆಯಲಾಗದವರನ್ನು ರಿಕ್ಷಾದಲ್ಲಿ ಕಳಿಸಿ, ಉಳಿದವರು ನಡೆದರೆ ಹೋಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಪಂಢರಪುರಕ್ಕೆ ವಾರಗಟ್ಟಲೆ ದಿಂಡಿಯಲ್ಲಿ ನಡೆಯುವ ಮಂದಿಯ ನಡುವೆ ಬದುಕುವವರಿಗೆ ಒಂದು ಮೈಲು ಭಾರವೇ?

ಇಲ್ಲಿ ಒಂದು ಸಣ್ಣ ಮಾತು. 'ವಾಹನತಳ' ಎಂಬ ಮರಾಠಿ ಶಬ್ದಕ್ಕೆ ಗಾಡಿ ನಿಲ್ಲಿಸುವ ಜಾಗ ಎಂದರ್ಥ. ಹಿಂದಿ ಕಲಿತ ಬಲದ ಮೇಲೆ ದೇವನಾಗರಿ ಓದಬಲ್ಲ ಕನ್ನಡಿಗನೊಬ್ಬ ಬೋರ್ಡು ಓದಿದರೂ 'ವಾಹನದ ತಳದಾಗ ಏನೈತಿ?' ಎಂದು ಬಗ್ಗಿ ನೋಡಿಯಾನು. ಸೊಲ್ಲಾಪುರ, ಅಕ್ಕಲಕೋಟ ತಾಲ್ಲೂಕಿನ ಕನ್ನಡಿಗರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ದುಧನಿ, ಮೈಂದರ್ಗಿ, ನಾಗಣಸೂರಿನ ಮಕ್ಕಳು ಕನ್ನಡದಲ್ಲಿ ಕನಸು ಕಂಡು ಮರಾಠಿಯಲ್ಲಿ ಲೆಕ್ಕ ಹಾಕುತ್ತಾರೆ. ತೊಡಕಾಗುವುದು ಗಡಿ ದಾಟಿ ಬರುವ ಅವರದೇ ಬೀಗರಿಗೆ. ಕೆಎ ನಂಬರಿನ ಇಷ್ಟು ಗಾಡಿಗಳು ಬರುವ ಊರಿನಲ್ಲಿ ಬಾಣದ ಗುರುತಿನ ಕೆಳಗೆ ಕನ್ನಡದಲ್ಲೂ ಒಂದು ಸಾಲು ಬರೆದರೆ ಮರಾಠಿಯ ಮಾನವೇನೂ ಕಡಿಮೆಯಾಗದು. ಹಾಗೆಯೇ ಗಾಣಗಾಪುರದಲ್ಲಿ ಎಂಎಚ್ ಗಾಡಿಗಳಿಗಾಗಿ ಮರಾಠಿಯ ಸಾಲೊಂದಿದ್ದರೆ ಕನ್ನಡ ಸೊರಗುವುದೂ ಇಲ್ಲ. ಭಾಷೆಯ ಜಗಳ ಆಡುವವರು ಆಡಲಿ, ರಾತ್ರಿ ಹತ್ತರ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಬಂದವರಿಗೆ ಬೇಕಿರುವುದು ದಾರಿ.

ನೆಲ ನೋಡಿ ನಿಲ್ಲಿಸಿ

ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಮಣ್ಣು. ಈ ಭಾಗದ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಿದ್ದು ಬಿರುಕು ಬಿಟ್ಟಿರುತ್ತದೆ. ಒಂದು ಜೋರು ಮಳೆ ಬಿತ್ತೆಂದರೆ ಅದೇ ನೆಲ ಗಾಲಿಗೆ ಅಂಟಿ ಕೆಸರಿನ ಉಂಡೆಯಾಗುತ್ತದೆ. ಗುರುಪೂರ್ಣಿಮೆ ಬರುವುದೇ ಆಷಾಢದಲ್ಲಿ. ಸಂಜೆ ಒಣಗಿದ ಹೊಲದ ಬದಿಗೆ ನಿಲ್ಲಿಸಿದ ಟ್ರಾವೆಲರ್, ರಾತ್ರಿ ಮಳೆಯಾದರೆ ಬೆಳಿಗ್ಗೆ ಟ್ರ್ಯಾಕ್ಟರ್ ಇಲ್ಲದೆ ಮೇಲೇಳುವುದಿಲ್ಲ. ಟ್ರ್ಯಾಕ್ಟರ್‌ನವನು ಆ ಹೊತ್ತಿಗೆ ಕೇಳಿದ್ದೇ ದರ. ಮುರುಮು ಹಾಕಿದ ನೆಲ, ಇಲ್ಲವೇ ಡಾಂಬರು. ಮೂರನೆಯ ಮಾತಿಲ್ಲ.

ಚೈತ್ರದಲ್ಲಿ ಬರುವವರಿಗೆ ನೆರಳು ಮುಖ್ಯ. ಸೊಲ್ಲಾಪುರದ ಏಪ್ರಿಲ್, ಮೇ ಬಿಸಿಲು 43 ಡಿಗ್ರಿ ದಾಟುವುದು ಹೊಸತಲ್ಲ. ಬೇವಿನ ಗಿಡ ಕಂಡ ಕೂಡಲೇ ಅದರ ಬುಡಕ್ಕೆ ಗಾಡಿ ಹಚ್ಚುವ ಚಾಲಕರು ಬೆಳಗಿನ ನೆರಳು ಮಧ್ಯಾಹ್ನ ಎಲ್ಲಿರುತ್ತದೆ ಎಂಬುದನ್ನು ಮರೆಯುತ್ತಾರೆ. ಗಾಡಿಯೊಳಗೆ ಮಗುವನ್ನೋ ಮುದುಕರನ್ನೋ 'ನೀ ಇಲ್ಲೇ ಕೂತಿರು, ನಾವು ದರ್ಶನ ಮುಗಿಸಿ ಬರ್ತೀವಿ' ಎಂದು ಗಾಜು ಏರಿಸಿ ಬಿಟ್ಟು ಹೋಗುವುದಂತೂ ಜೀವಕ್ಕೇ ಅಪಾಯ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಕೆಲವೇ ನಿಮಿಷಗಳಲ್ಲಿ ಹೊರಗಿಗಿಂತ ಎಷ್ಟೋ ಹೆಚ್ಚು ಕಾವು ಏರುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ ಶೌಚಾಲಯ. ಜಾಗ ಆರಿಸುವವರು ಗಂಡಸರು, ಅದರ ಕಷ್ಟ ಉಣ್ಣುವವರು ಹೆಂಗಸರು. ಗಂಡಸರಿಗೆ ಗೋಡೆ ಸಾಕು. ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟು, ಕತ್ತಲಾಗುವುದನ್ನು ಕಾದು, ಟಾರ್ಚು ಹಿಡಿದು ಇಬ್ಬಿಬ್ಬರಾಗಿ ಹೋಗುತ್ತಾರೆ. ಅಲ್ಲಿ ಹಾವು ಚೇಳಿನ ಭಯ, ಇಲ್ಲಿ ಕುಡುಕರ ಭಯ. ಊರಿಗೆ ಹೋದ ಮೇಲೆ ಉರಿಮೂತ್ರ ಅಂತ ದವಾಖಾನೆ. ಯಾತ್ರೆಯ ಖರ್ಚಿನಲ್ಲಿ ಇದನ್ನು ಯಾರೂ ಬರೆದಿಡುವುದಿಲ್ಲ. ಗಾಡಿ ಎಲ್ಲಿ ಹಚ್ಚಬೇಕೆಂಬ ತೀರ್ಮಾನವನ್ನು ಮನೆಯ ಹೆಂಗಸರಿಗೇ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಅವರು ಗುಡಿಯ ದೂರ ಕೇಳುವುದಿಲ್ಲ. ನಳ ಎಲ್ಲಿದೆ, ಬಾಗಿಲಿರುವ ಸಂಡಾಸು ಎಲ್ಲಿದೆ, ಲೈಟು ಇದೆಯೇ ಎಂದು ಕೇಳುತ್ತಾರೆ. ಕೇಳಬೇಕಾದ್ದೇ ಅದು.

ಅಕ್ಕಲಕೋಟದಲ್ಲಿ 1988ರಲ್ಲಿ ಆರಂಭವಾದ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳದಲ್ಲಿ ಎರಡೂ ಹೊತ್ತು ಪ್ರಸಾದವಿದೆ, ಯಾತ್ರಿ ನಿವಾಸಗಳಿವೆ, ವಾಹನ ನಿಲುಗಡೆಗೆ ಜಾಗವಿದೆ. ವಟವೃಕ್ಷ ದೇವಸ್ಥಾನದ ಭಕ್ತ ನಿವಾಸವೂ ಇದೆ. ಹಾಗಿದ್ದ ಮೇಲೆ ರಸ್ತೆ ಬದಿಗೆ ಒಲೆ ಹಚ್ಚುವುದು ಯಾಕೆ ಎಂದು ಕೇಳಿದರೆ, 'ಹನ್ನೆರಡು ಮಂದಿಗೆ ರೂಮು ಹಿಡಿದರ ಎಷ್ಟಾಕ್ಕೈತಿ?' ಎಂಬ ಉತ್ತರ. ಅದು ನ್ಯಾಯವಾದದ್ದೇ. ಆದರೆ ಒಂದು ಕೋಣೆ ಹಿಡಿದು ಹೆಂಗಸರು, ಮಕ್ಕಳು, ವಯಸ್ಸಾದವರು ಅಲ್ಲಿದ್ದು, ಉಳಿದವರು ವಾಹನತಳದಲ್ಲಿ ಚಾದರ ಹಾಸಿದರೆ ಖರ್ಚು ಹಂಚಿ ಹೋಗುತ್ತದೆ. ಗರ್ದಿಯ ದಿನಗಳಲ್ಲಿ ಮೊದಲೇ ವಿಚಾರಿಸದೆ ಬಂದರೆ ಆ ಒಂದು ಕೋಣೆಯೂ ಸಿಗದು, ಅದು ಬೇರೆ ಮಾತು.

ಒಲೆ, ಹೊಗೆ, ನಿದ್ದೆ

ಗ್ಯಾಸಿನ ವಿಷಯ ಹೇಳಲೇಬೇಕು. ಮೊದಲು ಸೌದೆ, ಆಮೇಲೆ ಸೀಮೆಎಣ್ಣೆಯ ಪಂಪ್ ಸ್ಟೋವ್ ಇತ್ತು. ಈಗ ಮನೆಯ ಸಿಲಿಂಡರನ್ನೇ ಸೀಟಿನ ಕೆಳಗೆ ತುರುಕಿಕೊಂಡು ಬರುತ್ತಾರೆ. 2023ರ ಆಗಸ್ಟ್ 26ರಂದು ಮಧುರೈ ರೈಲು ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ಡಬ್ಬಿಯೊಂದಕ್ಕೆ ಬೆಂಕಿ ಬಿದ್ದು ಉತ್ತರ ಪ್ರದೇಶದಿಂದ ಬಂದಿದ್ದ ಒಂಬತ್ತು ಮಂದಿ ಸತ್ತರು. ಕದ್ದು ತಂದಿದ್ದ ಗ್ಯಾಸ್ ಸಿಲಿಂಡರೇ ಕಾರಣ. ಓಡುವ ರೈಲಲ್ಲ ಅದು, ನಿಂತ ಡಬ್ಬಿ. ನಿಂತ ಗಾಡಿಯಲ್ಲಿ ಏನಾಗುತ್ತದೆ ಎನ್ನುವವರು ಇದನ್ನು ನೆನೆಯಬೇಕು. ಒಲೆ ಹಚ್ಚುವುದಿದ್ದರೆ ಗಾಡಿಯಿಂದ ಹತ್ತಾರು ಹೆಜ್ಜೆ ದೂರ, ಬಯಲಲ್ಲಿ, ಒಣ ಹುಲ್ಲು ಇಲ್ಲದ ಕಡೆ. ಒಂದು ಹೊತ್ತು ಬುತ್ತಿ, ಒಂದು ಹೊತ್ತು ಅನ್ನಛತ್ರದ ಪ್ರಸಾದ ಎಂದು ಲೆಕ್ಕ ಹಾಕಿದರೆ ಸಿಲಿಂಡರಿನ ಅಗತ್ಯವೇ ಬೀಳುವುದಿಲ್ಲ.

ಗಾಜು ಏರಿಸಿ, ಇಂಜಿನ್ ಚಾಲೂ ಇಟ್ಟು, ಎಸಿ ಹಾಕಿ ಮಲಗುವ ಹೊಸ ರೂಢಿಯೂ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಗರದ ಹತ್ತಿರ ರಸ್ತೆ ಬದಿಗೆ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತರು. ಜನರೇಟರಿನ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೆಕೆ ತಡೆಯದಿದ್ದರೆ ಹೊರಗೆ ಮಲಗಬೇಕೇ ಹೊರತು ಒಳಗೆ ಇಂಜಿನ್ ಓಡಿಸಿಕೊಂಡಲ್ಲ.

ಹೊರಗೆ ಎಂದರೆ ಹೆದ್ದಾರಿಯ ಅಂಚೂ ಅಲ್ಲ. ವಿಜಯಪುರ ರಸ್ತೆ, ಹೈದರಾಬಾದ್ ರಸ್ತೆಗಳಲ್ಲಿ ಧಾಬಾದ ಎದುರು ಅರ್ಧ ಗಾಡಿ ಡಾಂಬರಿನ ಮೇಲೆ, ಅರ್ಧ ಕೆಳಗೆ ನಿಲ್ಲಿಸಿ ಮಲಗುವವರನ್ನು ಕಂಡರೆ ಮೈ ಜುಂ ಎನ್ನುತ್ತದೆ. ಹಿಂದಿನಿಂದ ಬರುವ ಟ್ರಕ್ಕಿನವನಿಗೂ ನಿದ್ದೆಗಣ್ಣು. ಕಬ್ಬಿನ ಹಂಗಾಮಿನಲ್ಲಂತೂ ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರ್‌ಗಳು ಕತ್ತಲಲ್ಲಿ ಸಾಲುಗಟ್ಟಿ ಬರುತ್ತವೆ. ಧಾಬಾದ ಒಳ ಅಂಗಳ, ಪೆಟ್ರೋಲ್ ಪಂಪಿನವರು ಒಪ್ಪಿದರೆ ಅವರ ಜಾಗ, ಇವೆರಡೂ ಸಿಗದಿದ್ದರೆ ಮುಂದಿನ ಊರು.

ಎರೆ ಭೂತದ ಮನೆಯಂಗಳ

ಅಕ್ಕಲಕೋಟ, ಸೊಲ್ಲಾಪುರದ ಸಿದ್ಧರಾಮನ ಕೆರೆ ಗುಡಿ ಮುಗಿಸಿದ ಮೇಲೆ ಒಂದು ದಿನ ಉಳಿದರೆ ಮಕ್ಕಳಿಗೆ ತೋರಿಸಲೆಂದು ನಾನ್ನಜಕ್ಕೆ ಹೋಗುವವರು ಈಚೆಗೆ ಕಾಣುತ್ತಾರೆ. ಸೊಲ್ಲಾಪುರದಿಂದ ಬಾರ್ಶಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಮರಾಠಿಯಲ್ಲಿ ಮಾಳಢೋಕ, ಕನ್ನಡದಲ್ಲಿ ಎರೆ ಭೂತ, ಎರ್ಲಡ್ಡು ಎಂದು ಕರೆಯುವ ಹಕ್ಕಿಯ ಅಭಯಾರಣ್ಯ ಅದು. ಒಂದು ಮೀಟರ್ ಎತ್ತರ, ಗಂಡು ಹಕ್ಕಿ 15 ಕಿಲೋ ತನಕ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿನದು. ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 150, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ನಾನ್ನಜದಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಕೃಷ್ಣಮೃಗ ಕಾಣುತ್ತವೆ, ಅದೃಷ್ಟವಿದ್ದರೆ ತೋಳವೂ.

ಇಲ್ಲಿಗೆ ಬರುವವರ ಮೊದಲ ತಕರಾರು, 'ಕಾಡು ಎಲ್ಲೈತ್ರೀ?' ಎಂಬುದು. ಅಭಯಾರಣ್ಯವೆಂದರೆ ದೊಡ್ಡ ಗೇಟು, ಒಳಗೆ ದಟ್ಟ ಗಿಡ ಎಂಬ ಕಲ್ಪನೆ. ನಾನ್ನಜದಲ್ಲಿರುವುದು ಮಡ್ಡಿ, ಹುಲ್ಲುಗಾವಲು. 1979ರಲ್ಲಿ ಘೋಷಣೆಯಾದಾಗ ಸೊಲ್ಲಾಪುರ ಮತ್ತು ಆಗಿನ ಅಹಮದನಗರ ಜಿಲ್ಲೆಗಳ ಸುಮಾರು 8,500 ಚದರ ಕಿ.ಮೀ. ಇದರಲ್ಲಿ ಸೇರಿತ್ತು. ಊರು, ಹೊಲ, ರಸ್ತೆ ಎಲ್ಲವೂ ಒಳಗೇ. ಜಮೀನು ಮಾರಲೂ ತೊಡಕಾಗಿ ರೈತರು ಹಕ್ಕಿಯ ಹೆಸರು ಕೇಳಿದರೆ ಸಿಡಿಮಿಡಿಗೊಳ್ಳುವ ಕಾಲವೂ ಬಂತು. ಆಮೇಲೆ ಅದನ್ನು 1,222 ಚದರ ಕಿ.ಮೀ.ಗೆ ಇಳಿಸಲಾಯಿತು. ಈಗಲೂ ಅದು ಒಂದೇ ತುಂಡಲ್ಲ, ಹೊಲಗಳ ನಡುವೆ ಚದುರಿದ ಹುಲ್ಲಿನ ತುಂಡುಗಳು.

ಕಾಡಿನಂತೆ ಕಾಣದ್ದರಿಂದಲೇ ಗಾಡಿಗಳು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಇಳಿಯುತ್ತವೆ. ಬಯಲು ಸಮತಟ್ಟಾಗಿದೆ, ಗಾಳಿ ಬೀಸುತ್ತಿದೆ, ಚಾದರ ಹಾಸಿ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎನ್ನಿಸುವುದು ಸಹಜ. ಆದರೆ ಎರೆ ಭೂತ ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ಬರಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣು, ಹುಲ್ಲಿಗೆ ಹೊಂದುವಂಥದ್ದು. ಹತ್ತು ಹೆಜ್ಜೆ ದೂರದಿಂದ ನೋಡಿದರೂ ಗುರುತು ಸಿಗದು. ಅದು ಮೊಟ್ಟೆ ಇಡುವುದು ಮಳೆಗಾಲದಲ್ಲಿ, ಅಂದರೆ ಹುಲ್ಲು ಹಸಿರಾಗಿ ಜನರಿಗೆ ಪಿಕ್ನಿಕ್ಕಿನ ನೆನಪು ಬರುವ ಹೊತ್ತಿಗೇ. ನೆಲದಲ್ಲೇ ಮೊಟ್ಟೆ ಇಡುವ ಗೌಜಲಹಕ್ಕಿ, ಬಾನಾಡಿಗಳ ಕಥೆಯೂ ಇದೇ. ಇಲ್ಲಿ ಹಕ್ಕಿ ಕೊಲ್ಲಲು ಬಂದೂಕು ಬೇಕಿಲ್ಲ, ಟ್ರ್ಯಾಕ್ಸಿನ ಹಿಂದಿನ ಗಾಲಿಯೇ ಸಾಕು. ಒಣಗಿದ ಕಾಲದಲ್ಲಿ ಒಂದು ಬೀಡಿ ತುಂಡು ಸಾಕು.

ಆದ್ದರಿಂದ ನಾನ್ನಜಕ್ಕೆ ಹೋಗುವವರು ಗಾಡಿಯನ್ನು ಡಾಂಬರು ಅಥವಾ ಅರಣ್ಯ ಇಲಾಖೆಯವರು ತೋರಿಸಿದ ಜಾಗದಲ್ಲೇ ಹಚ್ಚಬೇಕು, ಇಲಾಖೆಯ ಪರವಾನಗಿ ಇಲ್ಲದೆ ಹುಲ್ಲಿನೊಳಗೆ ಕಾಲಿಡಬಾರದು. ಊಟ ಸೊಲ್ಲಾಪುರದಲ್ಲೇ ಮುಗಿಸಿಕೊಂಡು ಹೋಗುವುದು ಮೇಲು. ಉಳಿದ ಅನ್ನ ಚೆಲ್ಲಿದರೆ ನಾಯಿಗಳು ಬರುತ್ತವೆ, ನಾಯಿ ಬಂದಲ್ಲಿ ಮೊಟ್ಟೆ, ಮರಿ ಉಳಿಯವು. ರಾತ್ರಿ ವಸ್ತಿಯಂತೂ ಅಲ್ಲಿ ಬೇಡವೇ ಬೇಡ. ಸೊಲ್ಲಾಪುರ ಇಪ್ಪತ್ತೇ ಕಿ.ಮೀ. ದೂರವಿದೆ.

ಇದನ್ನು ಯಾರಾದರೂ ವಿಪರೀತ ಎಂದರೆ ಬೇರೆ ಕಡೆಯ ರೀತಿ ನೋಡಲಿ. ಮೈಸೂರು, ಊಟಿ ಪ್ರವಾಸಕ್ಕೆ ಹೋಗುವ ಸೊಲ್ಲಾಪುರದ ಗಾಡಿಗಳು ಬಂಡೀಪುರದ ಚೆಕ್‌ಪೋಸ್ಟಿನಲ್ಲಿ ರಾತ್ರಿ 9ಕ್ಕೆ ನಿಲ್ಲಬೇಕಾಗುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ಬಂದ್. ಹಗಲಲ್ಲಿ ಹೋದರೂ ಕಾಡಿನ ನಡುವೆ ಇಳಿದು ಬುತ್ತಿ ಬಿಚ್ಚುವಂತಿಲ್ಲ. ಇದು ಗೊತ್ತಿಲ್ಲದೆ ಹೋದವರು ಗೇಟಿನ ಮುಂದೆ ರಾತ್ರಿ ಕಳೆಯುತ್ತಾರೆ, ಗೊತ್ತಿದ್ದವರು ಗುಂಡ್ಲುಪೇಟೆಯಲ್ಲೇ ವಸ್ತಿ ಮಾಡುತ್ತಾರೆ. ಅಮೆರಿಕದ ಯೆಲ್ಲೋಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಮನೆಯಷ್ಟು ದೊಡ್ಡ ಗಾಡಿಗಳಿಗೆ ನೇಮಿಸಿದ ಜಾಗ ಬಿಟ್ಟು ರಾತ್ರಿ ನಿಲ್ಲಲು ಬಿಡುವುದಿಲ್ಲ. ಜಾಗವನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು, ಗಾಡಿಯ ಉದ್ದ ಹೇಳಬೇಕು. ಅಲ್ಲಿಯ ಫಿಶಿಂಗ್ ಬ್ರಿಜ್ ಎಂಬ ನಿಲುಗಡೆಯಲ್ಲಿ ಕರಡಿಗಳ ಓಡಾಟವಿರುವುದರಿಂದ ಬಟ್ಟೆಯ ಗುಡಾರಕ್ಕೆ ಪ್ರವೇಶವೇ ಇಲ್ಲ, ಗಟ್ಟಿ ಗೋಡೆಯ ಗಾಡಿಯೇ ಆಗಬೇಕು. ಅಲ್ಲಿರುವ ಮಗ ಸೊಸೆ ಕಳಿಸಿದ ಫೋಟೋ ನೋಡಿ 'ಎಷ್ಟು ಸ್ವಚ್ಛ ನೋಡ್ರೀ' ಎಂದು ಬೆರಗಾಗುವವರೇ ನಾನ್ನಜದ ಹುಲ್ಲಿನ ಮೇಲೆ ಪತ್ರಾವಳಿ ಎಸೆದು ಬರುತ್ತಾರೆ.

ಇತ್ತ ಸರಕಾರದ ಕಡೆಗೂ ಒಂದು ಮಾತಿದೆ. ಕ್ಯಾರವಾನ್ ಧೋರಣೆ ಎಂದರೆ ಲಕ್ಷಗಟ್ಟಲೆ ಬೆಲೆಯ ಎಸಿ ಗಾಡಿಗಳಿಗೆ ಮಾತ್ರ ಸಮುದ್ರದ ದಂಡೆಯಲ್ಲಿ, ಗಿರಿಧಾಮದಲ್ಲಿ ಜಾಗ ಮಾಡುವುದಲ್ಲ. ಹಾಸಿಗೆ, ಒಲೆ, ಬುತ್ತಿ ಸಮೇತ ಹನ್ನೆರಡು ಮಂದಿ ಹೊತ್ತು ಗಡಿ ದಾಟುವ ಕ್ರೂಸರೂ ಕ್ಯಾರವಾನೇ. ಅದಕ್ಕೆ ಬೇಕಿರುವುದು ದುಬಾರಿ ಪಾರ್ಕಲ್ಲ. ಮುರುಮಿನ ನೆಲ, ನಾಲ್ಕು ನಳ, ಬಾಗಿಲಿರುವ ಶೌಚಾಲಯ, ರಾತ್ರಿಯಿಡೀ ಉರಿಯುವ ಲೈಟು, ಒಬ್ಬ ಕಾವಲುಗಾರ. ಗಾಡಿಗೆ ಇಷ್ಟು ಎಂದು ದರ ಬರೆದು ಪಾವತಿ ಕೊಟ್ಟರೆ ಜನ ಕೊಡಲು ಹಿಂಜರಿಯುವುದಿಲ್ಲ. ಸೊಲ್ಲಾಪುರ, ವಾಗ್ದರಿ, ಮೈಂದರ್ಗಿ ಈ ಮೂರು ಕಡೆಯಿಂದ ಅಕ್ಕಲಕೋಟಕ್ಕೆ ಬರುವ ದಾರಿಗಳಲ್ಲಿ ಊರ ಹೊರಗೆ ಅಂಥ ಒಂದೊಂದು ಜಾಗವಿದ್ದರೆ ಒಳಗಿನ ಓಣಿಗಳೂ ಉಸಿರಾಡುತ್ತವೆ, ಅಲ್ಲಿಯ ಮನೆಯವರೂ.

ಜಾಗ ಆರಿಸುವಾಗ ಕುಟುಂಬದವರು ಲೆಕ್ಕಕ್ಕೇ ಹಿಡಿಯದ ಮನುಷ್ಯ ಒಬ್ಬನಿದ್ದಾನೆ, ಚಾಲಕ. ಉಳಿದವರು ಕೋಣೆಯಲ್ಲೋ ಕಟ್ಟೆಯ ಮೇಲೋ ಮಲಗಿದರೆ ಅವನು ಸ್ಟಿಯರಿಂಗ್ ಹಿಂದೆ ಮೊಣಕಾಲು ಮಡಚಿ, ಸೊಳ್ಳೆ ಹೊಡೆಯುತ್ತ, 'ಗಾಡಿ ತೆಗೀರಿ' ಎಂದು ಯಾರೋ ಬಾನೆಟ್ ಬಡಿದಾಗಲೆಲ್ಲ ಎದ್ದು ರಾತ್ರಿ ಕಳೆಯುತ್ತಾನೆ. ಬೆಳಿಗ್ಗೆ ಐದಕ್ಕೆ ಕಾಕಡಾರತಿ ಮುಗಿಸಿ ಬಂದವರು 'ನಡೀ ಗಾಣಗಾಪುರಕ್ಕ' ಎಂದು ಹತ್ತಿ ಕೂರುತ್ತಾರೆ. ಗಾಡಿ ಬಿಳಿ ನಂಬರ್ ಪ್ಲೇಟಿನದಾಗಿದ್ದು ಬಾಡಿಗೆಗೆ ಬಂದಿದ್ದರೆ, ಏನಾದರೂ ಆದಾಗ ವಿಮೆಯೂ ಕೈಗೆ ಹತ್ತುವುದು ಕಷ್ಟ.

ಮೈಂದರ್ಗಿ, ದುಧನಿ ದಾಟಿ ಗಾಣಗಾಪುರ ಮುಟ್ಟಿದರೆ ಭೀಮಾ-ಅಮರ್ಜಾ ಸಂಗಮದ ಬಳಿ ಮತ್ತೆ ಅದೇ ಪ್ರಶ್ನೆ. ಸ್ನಾನಕ್ಕೆ ಹತ್ತಿರವಾಗಲೆಂದು ಗಾಡಿಯನ್ನು ನದಿಪಾತ್ರಕ್ಕೇ ಇಳಿಸುವವರು ಆಕಾಶ ನೋಡುತ್ತಾರೆ, ಮೋಡವಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಭೀಮೆಯ ನೀರು ಏರಲು ಗಾಣಗಾಪುರದಲ್ಲಿ ಮಳೆ ಬೀಳಬೇಕೆಂದೇನಿಲ್ಲ. ಮೇಲೆ ಉಜನಿ ಜಲಾಶಯದಿಂದ ಬಿಟ್ಟ ನೀರು ಪಂಢರಪುರ ದಾಟಿ ಇಲ್ಲಿಗೆ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಎರಡೂ ರಾಜ್ಯಗಳ ದಂಡೆಯ ಊರುಗಳನ್ನು ಮುಳುಗಿಸಿದ್ದನ್ನು ಅಫಜಲಪುರ ತಾಲ್ಲೂಕಿನವರು ಮರೆತಿಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಅಲ್ಲಿಗೆ ಹೋಗುವವರು ಗಾಡಿಯನ್ನು ಮೇಲಿನ ರಸ್ತೆಯಲ್ಲೇ ಬಿಟ್ಟು, ಉಜನಿಯಿಂದ ನೀರು ಬಿಟ್ಟಿದ್ದಾರೆಯೇ ಎಂದು ದಂಡೆಯ ಅಂಗಡಿಯವರನ್ನು ಒಂದು ಮಾತು ಕೇಳಿ ಕೆಳಗಿಳಿಯಬೇಕು.